ಕಾಯಿಲೆ ವಾಸಿಯಾದರೂ ಚೀಟಿ ಜೋಪಾನ



ಕ್ಯಾನ್ಸರ್ ಅಂದ ಕೂಡಲೇ ನಮ್ಮ ಎದೆ ಧಸಕ್ಕೆನ್ನುತ್ತದೆ. ಆದರೆ ಎಲ್ಲಾ ಕ್ಯಾನ್ಸರ್ ಒಂದೇ ಅಲ್ಲ. ನಮ್ಮ ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ರೋಗದ ವಿರುದ್ಧ ಹೋರಾಡುವ ಸಣ್ಣ ಸಣ್ಣ ಗ್ರಂಥಿಗಳಿವೆ. ಅವುಗಳಲ್ಲಿ ಹುಟ್ಟುವ ಕ್ಯಾನ್ಸರಿಗೆ ಲಿಂಫೋಮಾ ಎನ್ನುತ್ತಾರೆ. ಇದರಲ್ಲಿ ಹಾಡ್ಕಿನ್ ಲಿಂಫೋಮಾ ಎಂಬುದು ಪ್ರಾಯದ ಹುಡುಗ ಹುಡುಗಿಯರಿಗೂ ಬರುತ್ತದೆ. ಸಂತೋಷದ ವಿಷಯವೇನೆಂದರೆ, ಸಕಾಲದಲ್ಲಿ ಸರಿಯಾದ ಚಿಕಿತ್ಸೆ ಸಿಕ್ಕಿದರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ.

"ಗುಣ ಆಯ್ತಲ್ಲ, ಇನ್ನೇನು?" ಅಂತ ಮನೆಯವರು ಫೈಲನ್ನು ಅಟ್ಟಕ್ಕೆ ಹಾಕಿಬಿಡುತ್ತಾರೆ. ತಪ್ಪಾಗುವುದು ಇಲ್ಲೇ. ಕ್ಯಾನ್ಸರನ್ನು ಕೊಲ್ಲುವ ಔಷಧಿ ಮತ್ತು ಕರೆಂಟ್ ಚಿಕಿತ್ಸೆ ದೇಹದ ಒಳ್ಳೆಯ ಭಾಗಗಳಿಗೂ ಸ್ವಲ್ಪ ಪೆಟ್ಟು ಕೊಡುತ್ತವೆ. ಆ ಪೆಟ್ಟು ಕೆಲವರಲ್ಲಿ 10 ವರ್ಷ, 20 ವರ್ಷ ಕಳೆದ ಮೇಲೆ ಕಾಣಿಸಿಕೊಳ್ಳಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ತಿಳಿದಿರುವುದು ಒಳ್ಳೆಯದು.

ಹೃದಯ: ಡಾಕ್ಸೊರುಬಿಸಿನ್ ಎಂಬ ಔಷಧಿ ಹೃದಯದ ಸ್ನಾಯುವನ್ನು ದುರ್ಬಲ ಮಾಡಬಹುದು. ಎದೆಗೆ ಕರೆಂಟ್ ಕೊಟ್ಟಿದ್ದರೆ ಅಪಾಯ ಇನ್ನೂ ಹೆಚ್ಚು. ಏದುಸಿರು, ಕಾಲು ಊತ ಬಂದರೆ "ಸುಸ್ತು" ಅಂತ ಸುಮ್ಮನಿರಬಾರದು.

ಶ್ವಾಸಕೋಶ: ಬ್ಲಿಯೋಮೈಸಿನ್ ಎಂಬ ಔಷಧಿ ಶ್ವಾಸಕೋಶಕ್ಕೆ ತೊಂದರೆ ಕೊಡಬಹುದು. ಮುಂದೆ ಯಾವುದೇ ಆಪರೇಷನ್ ಇದ್ದರೆ, ಅರಿವಳಿಕೆ ಕೊಡುವ ಡಾಕ್ಟರಿಗೆ ಇದನ್ನು ಹೇಳಲೇಬೇಕು. ಬೀಡಿ, ಸಿಗರೇಟು ಬೇಡವೇ ಬೇಡ.

ಥೈರಾಯ್ಡ್: ಕುತ್ತಿಗೆಗೆ ಕರೆಂಟ್ ಕೊಟ್ಟವರಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸ ಕಡಿಮೆಯಾಗಬಹುದು. ಆಯಾಸ, ಮೈ ದಪ್ಪವಾಗುವುದು, ಮುಟ್ಟಿನ ಏರುಪೇರು ಇದರ ಲಕ್ಷಣ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಮಾತ್ರೆಯಿಂದ ಹತೋಟಿಗೆ ಬರುತ್ತದೆ.

ಸ್ತನ: 30 ವರ್ಷದೊಳಗೆ ಎದೆಗೆ ಕರೆಂಟ್ ಕೊಟ್ಟ ಹೆಣ್ಣುಮಕ್ಕಳಿಗೆ ಮುಂದೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಇವರು 40 ವರ್ಷ ಆಗಲಿ ಅಂತ ಕಾಯಬಾರದು. ಕರೆಂಟ್ ಮುಗಿದು 8 ವರ್ಷವಾದ ಮೇಲೆ, 25 ವರ್ಷ ತುಂಬಿದವರು ಪ್ರತಿ ವರ್ಷ ಸ್ತನ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬುದು ತಜ್ಞರ ಸಲಹೆ.

ಈಗ ಒಂದು ಕಷ್ಟದ ಮಾತು. ಚಿಕಿತ್ಸೆ ಮುಗಿದ ಹುಡುಗಿಗೆ ಮದುವೆ ಮಾಡುವಾಗ, "ಯಾರಿಗೂ ಹೇಳಬೇಡ, ಸಂಬಂಧ ತಪ್ಪಿಹೋದೀತು" ಅಂತ ತಾಯಂದಿರು ಬಾಯಿ ಕಟ್ಟುತ್ತಾರೆ. ತಾಯಿಯ ಭಯ ನಮಗೆ ಅರ್ಥವಾಗುತ್ತದೆ. ಆದರೆ ಯೋಚಿಸಿ. ಆ ಹುಡುಗಿ ಬಸುರಿಯಾದಾಗ ಹೃದಯದ ಮೇಲೆ ಭಾರ ಬೀಳುತ್ತದೆ. ಹಳೆಯ ಚಿಕಿತ್ಸೆಯ ವಿಷಯ ಡಾಕ್ಟರಿಗೆ ಗೊತ್ತಿದ್ದರೆ ಮೊದಲೇ ಎಕೋ ಪರೀಕ್ಷೆ ಮಾಡಿಸಿ ಎಚ್ಚರ ವಹಿಸುತ್ತಾರೆ. ಗೊತ್ತಿಲ್ಲದಿದ್ದರೆ ಏದುಸಿರನ್ನು "ಬಸುರಿಯಲ್ಲವೇ, ಇದ್ದದ್ದೇ" ಅಂದುಕೊಳ್ಳಬಹುದು. ಅಂದು ಮುಚ್ಚಿಟ್ಟ ಮಾತು ಹೆರಿಗೆಯ ಹೊತ್ತಿಗೆ ಪ್ರಾಣಕ್ಕೇ ಬಂದೀತು. ಈ ಕಾಯಿಲೆ ಅಂಟುಜಾಡ್ಯವಲ್ಲ, ಶಾಪವಲ್ಲ. ಗುಣವಾದ ಅನೇಕರು ಆರೋಗ್ಯವಂತ ಮಕ್ಕಳನ್ನು ಹೆತ್ತಿದ್ದಾರೆ. ಕೆಲವು ಔಷಧಿಗಳಿಂದ ಮಕ್ಕಳಾಗುವುದು ಕಷ್ಟವಾಗಬಹುದು ನಿಜ. ಆದ್ದರಿಂದ ಚಿಕಿತ್ಸೆ ಶುರುವಾಗುವ ಮುಂಚೆಯೇ ಡಾಕ್ಟರಲ್ಲಿ ಇದನ್ನು ಕೇಳಿ.

ನಾವು ಮಾಡಬಹುದಾದದ್ದು:

1. ಯಾವ ಔಷಧಿ, ಎಷ್ಟು ಪ್ರಮಾಣ, ಎಲ್ಲಿಗೆ ಕರೆಂಟ್, ಯಾವ ವರ್ಷ - ಇಷ್ಟನ್ನೂ ಆಸ್ಪತ್ರೆಯಿಂದ ಬರೆಸಿಕೊಳ್ಳಿ. ರೇಷನ್ ಕಾರ್ಡಿನ ಜೊತೆಯಲ್ಲೇ ಇಡಿ, ಜೆರಾಕ್ಸ್ ಮಾಡಿಸಿ.

2. ಯಾವ ಡಾಕ್ಟರ ಬಳಿ ಹೋದರೂ ಆ ಚೀಟಿ ತೋರಿಸಿ.

3. ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ತಪಾಸಣೆಗೆ ಹೋಗಿ.

4. ಒಬ್ಬಳೇ ಹೋಗಲು ಹೆದರುವವಳ ಜೊತೆ ಸಂಘದ ಒಬ್ಬರು ಹೋಗಿ. ಬಸ್ ಖರ್ಚಿಗೆ, ಪರೀಕ್ಷೆಗೆ ಸಂಘದಿಂದ ಸಣ್ಣ ಸಾಲ ಕೊಡಬಹುದಲ್ಲವೇ?

ಸಭೆಯಲ್ಲಿ ಚರ್ಚಿಸೋಣ: ಕ್ಯಾನ್ಸರ್ ಗುಣವಾದ ಹುಡುಗಿ ನಮ್ಮ ಮನೆಗೆ ಸೊಸೆಯಾಗಿ ಬಂದರೆ, ಅವಳು ಭಯವಿಲ್ಲದೆ ಆ ಚೀಟಿಯನ್ನು ನಮ್ಮ ಕೈಗೆ ಕೊಡುವಂತೆ ನಾವಿದ್ದೇವೆಯೇ?