ಹಲ್ಲು ಬರೆದಿಟ್ಟ ನೀರಿನ ಲೆಕ್ಕ

ಮಕ್ಕಳೇ, ಒಂದು ಒಗಟು ಕೇಳುತ್ತೇನೆ. ಅಜ್ಜಿ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿ ಬೆಳೆದವರು. ಅವರ ಹಲ್ಲಿನ ಮೇಲೆ ಒಂದು ಕಲೆಯೂ ಇಲ್ಲ. ಮೊಮ್ಮಗಳು ದಿನಕ್ಕೆರಡು ಸಲ ಬ್ರಶ್ ಮಾಡುತ್ತಾಳೆ. ಆದರೂ ಅವಳ ಹಲ್ಲಿನ ಮೇಲೆ ಕಂದು ಪಟ್ಟೆಗಳು. ಇಬ್ಬರೂ ಕುಡಿಯುವುದು ಒಂದೇ ಕೊಡದ ನೀರು. ಹಾಗಾದರೆ ಹೀಗೇಕೆ?

ನನಗೆ ಈ ಒಗಟು ಸಿಕ್ಕಿದ್ದು ತುಮಕೂರು ಜಿಲ್ಲೆಯ ಪಾವಗಡದಲ್ಲಿ. ಎಂಬತ್ತರ ದಶಕದ ಕೊನೆಯಲ್ಲಿ ಅಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದೆ. ಅಜ್ಜಿಯೊಬ್ಬರು ಮೊಮ್ಮಗಳ ಹೆಸರಿನಲ್ಲಿ ಉಳಿತಾಯ ಖಾತೆ ತೆರೆಯಲು ಬಂದಿದ್ದರು. ಹೆಸರೇನಮ್ಮಾ ಎಂದು ಕೇಳಿದರೆ ಹುಡುಗಿ ಬಾಯಿಗೆ ಅಂಗೈ ಅಡ್ಡ ಹಿಡಿದುಕೊಂಡೇ ಹೇಳಿದಳು. “ಎಷ್ಟು ಬೈದರೂ ಸರಿಯಾಗಿ ಹಲ್ಲುಜ್ಜಲ್ಲ ಸಾರ್” ಎಂದರು ಅಜ್ಜಿ. ಸಾಲಿನಲ್ಲಿದ್ದ ಶಾಲಾ ಮೇಷ್ಟ್ರು ಮೆಲ್ಲಗೆ ಹೇಳಿದರು: “ಅವಳನ್ನು ಬೈಬೇಡಿ ಅಮ್ಮಾ. ನನ್ನ ತರಗತಿಯಲ್ಲಿ ಇಂಥ ಹಲ್ಲಿನವರು ಬಹಳ ಮಂದಿ. ಅದು ಕೊಳೆಯಲ್ಲ, ನೀರಿನ ಗುರುತು.”

ಇದೇ ಒಗಟನ್ನು ಬಿಡಿಸಲು ಅಮೆರಿಕದ ದಂತವೈದ್ಯರೊಬ್ಬರು ಮೂವತ್ತು ವರ್ಷ ಅಲೆದಿದ್ದಾರೆ. ಅವರು ಫ್ರೆಡರಿಕ್ ಮೆಕೇ. 1901ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದಾಗ ಅಲ್ಲಿ ಹುಟ್ಟಿ ಬೆಳೆದವರ ಹಲ್ಲೆಲ್ಲ ಕಂದು. ಆದರೆ ದೊಡ್ಡವರಾದ ಮೇಲೆ ಬಂದು ನೆಲೆಸಿದವರ ಹಲ್ಲಿಗೆ ಏನೂ ಆಗಿರಲಿಲ್ಲ! ಮುಂದೆ ಐಡಾಹೊ ರಾಜ್ಯದ ಓಕ್ಲಿ ಎಂಬ ಊರಿನಲ್ಲಿ, ಬಿಸಿನೀರಿನ ಬುಗ್ಗೆಯೊಂದರಿಂದ ಕೊಳವೆ ಹಾಕಿ ನೀರು ತಂದ ಮೇಲೆ ಮಕ್ಕಳ ಹಲ್ಲಿನಲ್ಲಿ ಕಲೆ ಕಾಣಿಸಿಕೊಂಡಿತ್ತು. ಆ ನೀರು ಬಿಡಿ ಎಂದರು ಮೆಕೇ. ಊರಿನವರು ಬೇರೆ ಬುಗ್ಗೆಯ ನೀರಿಗೆ ಬದಲಾಯಿಸಿದರು. ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಕಲೆಯಿಲ್ಲದ ಹಲ್ಲು ಬಂದವು. ನೀರಿನಲ್ಲಿದ್ದ ಕಳ್ಳ ಸಿಕ್ಕಿಬಿದ್ದದ್ದು 1931ರಲ್ಲಿ. ಚರ್ಚಿಲ್ ಎಂಬ ರಸಾಯನ ಶಾಸ್ತ್ರಜ್ಞರು ಅದು ಫ್ಲೋರೈಡ್ ಎಂದು ಕಂಡುಹಿಡಿದರು. ನಮ್ಮ ದೇಶದಲ್ಲಿ ಈ ತೊಂದರೆ ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ.

ಮಕ್ಕಳಿಗೇ ಏಕೆ? ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲು ಕಾಣುವುದು ಆರನೇ ವರ್ಷದ ಹೊತ್ತಿಗೆ. ಆದರೆ ಅದರ ಹೊರ ಕವಚವಾದ ಎನಾಮಲ್, ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದ ತನಕ ದವಡೆಯೊಳಗೆ ಸದ್ದಿಲ್ಲದೆ ಕಟ್ಟುತ್ತಿರುತ್ತದೆ. ಆಗ ಹೊಟ್ಟೆಗೆ ಹೋದ ಹೆಚ್ಚಿನ ಫ್ಲೋರೈಡ್ ಆ ಕೆಲಸವನ್ನು ಕೆಡಿಸುತ್ತದೆ. ಎನಾಮಲ್ ಗಟ್ಟಿಯಾದ ಮೇಲೆ ಅದೇ ನೀರು ಕುಡಿದರೂ ಹಲ್ಲಿಗೆ ಕಲೆ ಬರುವುದಿಲ್ಲ. ಅಂದರೆ ಹಲ್ಲು ಒಂದು ಲೆಜರ್ ಇದ್ದಂತೆ. ಎಂಟು ವರ್ಷದವರೆಗೆ ಕುಡಿದ ನೀರಿನ ಲೆಕ್ಕ ಅದರಲ್ಲಿದೆ. ಬ್ಯಾಂಕಿನ ಲೆಜರಿನಲ್ಲಾದರೂ ತಿದ್ದುಪಡಿ ಬರೆಯಬಹುದು. ಇಲ್ಲಿ ದಂತವೈದ್ಯರು ಕಲೆಯನ್ನು ತಿಳಿಯಾಗಿಸಬಹುದು, ಮುಚ್ಚಬಹುದು. ಹಳೆಯ ಬರಹ ಅಳಿಸಲಾಗದು.

ಈಗ ಅಜ್ಜಿಯ ಒಗಟು ಬಿಡಿಸೋಣ. ಅವರು ಬಾಲ್ಯದಲ್ಲಿ ಕುಡಿದದ್ದು ತೆರೆದ ಬಾವಿಯ ನೀರು. ಮಳೆ ಬಂದಾಗ ತುಂಬುವ, ಮೇಲುಮಟ್ಟದ ನೀರು ಅದು. ಬಾವಿಗಳು ಬತ್ತಿದ ಮೇಲೆ ನೂರಾರು ಅಡಿ ಆಳಕ್ಕೆ ಬೋರ್‌ವೆಲ್ ಕೊರೆದೆವು. ಅಲ್ಲಿನ ನೀರು ಬಹುಕಾಲ ಕಗ್ಗಲ್ಲಿನ ಬಿರುಕುಗಳಲ್ಲೇ ನಿಂತು, ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಮೊಮ್ಮಗಳು ಹುಟ್ಟಿದ್ದು ಆ ನೀರಿನ ಕಾಲದಲ್ಲಿ. ಪಾವಗಡವಷ್ಟೇ ಅಲ್ಲ, ಬಾಗೇಪಲ್ಲಿ, ಕೋಲಾರ, ಮುಂಡರಗಿ ಕಡೆಯೂ ಇದೇ ಕಥೆ.

ಹಾಗೆಂದು ಫ್ಲೋರೈಡ್ ಪೂರಾ ವಿಷವಲ್ಲ. ಅಳತೆಯಲ್ಲಿದ್ದರೆ ಹುಳುಕು ತಡೆಯುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಬಹಳ ಹೆಚ್ಚಿನ ಫ್ಲೋರೈಡಿನ ನೀರನ್ನು ವರ್ಷಗಟ್ಟಲೆ ಕುಡಿದರೆ ದೊಡ್ಡವರ ಮೂಳೆಗೂ ಅಪಾಯ. ಬೆನ್ನು, ಮಂಡಿ ಬಿಗಿಯುತ್ತವೆ.

ಅಜ್ಜ ಅಜ್ಜಿಯರೇ, ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಮೊದಲು ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿ. ಜಿಲ್ಲೆ, ತಾಲ್ಲೂಕುಗಳಲ್ಲಿ ಸರ್ಕಾರಿ ನೀರು ಪರೀಕ್ಷಾಲಯಗಳಿವೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಕ್ಯಾಂಡಲ್ ಫಿಲ್ಟರಿಗೂ ಅದು ಜಗ್ಗದು. ಊರಿನ ಶುದ್ಧ ನೀರಿನ ಘಟಕದಲ್ಲಿ ಆರ್‌ಓ ಯಂತ್ರವಿದ್ದು, ಅದು ಕೆಟ್ಟು ನಿಂತಿರದಿದ್ದರೆ, ಕುಡಿಯಲು ಮತ್ತು ಅಡುಗೆಗೆ ಅಲ್ಲಿನ ನೀರೇ ಇರಲಿ. ಸ್ವಚ್ಛವಾಗಿ ಹಿಡಿದು, ಸೋಸಿ, ಮುಚ್ಚಿಟ್ಟ ಮಳೆನೀರನ್ನು ಕುದಿಸಿ ಆರಿಸಿ ಬಳಸಬಹುದು; ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಚಹಾ ಎಲೆಯಲ್ಲೂ ಫ್ಲೋರೈಡ್ ಇದೆ, ಆದ್ದರಿಂದ ಎಳೆಯರಿಗೆ ಚಹಾ ಬೇಡ. ಹಾಲು, ರಾಗಿ ಕೊಡಿ. ಅವುಗಳಲ್ಲಿನ ಕ್ಯಾಲ್ಸಿಯಂ ಒಳ್ಳೆಯದು.

ಮಕ್ಕಳೇ, ನಿಮಗೂ ಒಂದು ಕೆಲಸ. ಪೇಸ್ಟನ್ನು ಬಟಾಣಿ ಕಾಳಿನಷ್ಟೇ ಹಾಕಿಕೊಳ್ಳಿ, ನುಂಗದೆ ಉಗುಳಿ. ತರಗತಿಯಲ್ಲಿ ಯಾರದಾದರೂ ಹಲ್ಲು ಕಂದಾಗಿದ್ದರೆ ನಗಬೇಡಿ. ಆ ಕಲೆ ಬಿದ್ದಾಗ ಅವರಿನ್ನೂ ಪುಟ್ಟ ಮಕ್ಕಳು. ಲೋಟದಲ್ಲಿ ಯಾವ ನೀರಿದೆ ಎಂದು ನೋಡಬೇಕಾದವರು ದೊಡ್ಡವರು.