ಬೆಳಗಿದ್ದೆಲ್ಲ ಕ್ಯಾನ್ಸರ್ ಅಲ್ಲ

ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆಯಿದೆ ಎಂದು ಗೊತ್ತಾದ ಕೂಡಲೇ ವೈದ್ಯರಿಗೆ ಎದುರಾಗುವ ಪ್ರಶ್ನೆ: ಅದು ಎಲ್ಲಿಯವರೆಗೆ ಹರಡಿದೆ? ಇದ್ದಲ್ಲೇ ಇದ್ದರೆ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಎದೆಯ ನಡುವಿನ ದುಗ್ಧಗ್ರಂಥಿಗಳಿಗೆ ಹಬ್ಬಿದ್ದರೆ ಚಿಕಿತ್ಸೆಯ ದಾರಿಯೇ ಬದಲಾಗಬಹುದು. ಇದನ್ನು ತಿಳಿಯಲು ನೆರವಾಗುವುದು ಪೆಟ್ ಸ್ಕ್ಯಾನ್.

ಈ ಪರೀಕ್ಷೆಗೆ ಮುನ್ನ ರೋಗಿಗೆ ಅಲ್ಪ ಪ್ರಮಾಣದ ವಿಕಿರಣಶೀಲ ವಸ್ತುವನ್ನು ಚುಚ್ಚುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ಎಫ್‌ಡಿಜಿ. ಇದು ಫ್ಲೋರಿನ್-18 ಸೇರಿಸಿದ ಗ್ಲೂಕೋಸಿನ ತದ್ರೂಪ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೊದಲ ಬಾರಿಗೆ ಇದನ್ನು ಮನುಷ್ಯರಿಗೆ ನೀಡಲಾಯಿತು. ಕ್ಯಾನ್ಸರ್ ಕೋಶಗಳಿಗೆ ಸಕ್ಕರೆಯ ಹಸಿವು ಹೆಚ್ಚು. ಅವು ಎಫ್‌ಡಿಜಿಯನ್ನು ಹೀರಿಕೊಂಡು ಚಿತ್ರದಲ್ಲಿ ಬೆಳಗುತ್ತವೆ.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಕ್ಷಯ ತಗುಲಿ ಊದಿದ ಗ್ರಂಥಿಯೂ ಹಾಗೆಯೇ ಬೆಳಗಬಹುದು. ಕ್ಷಯ ವ್ಯಾಪಕವಾಗಿರುವ ಭಾರತದಲ್ಲಿ ಇದು ಸಣ್ಣ ತೊಡಕಲ್ಲ. ಇನ್ನು ಮಿದುಳು ಸದಾ ಸಕ್ಕರೆ ಬಳಸುವುದರಿಂದ ಅಲ್ಲಿಗೆ ಹರಡಿದ ಗಡ್ಡೆ ಮರೆಯಾಗಬಹುದು. ಅದಕ್ಕೆ ಎಂಆರ್‌ಐ ಬೇಕು.

ಡಿಎನ್‌ಎ ಘಟಕವೊಂದನ್ನು ಹೋಲುವ ಎಫ್‌ಎಲ್‌ಟಿ, ಕೋಶಗಳು ವಿಭಜನೆಯಾಗುವ ವೇಗವನ್ನು ಸೂಚಿಸುತ್ತದೆ. ಉರಿಯೂತಕ್ಕೆ ಮೋಸಹೋಗುವುದು ಕಡಿಮೆ. ಆದರೆ ಗಡ್ಡೆ ಮಂಕಾಗಿ ಕಾಣುವುದರಿಂದ ಸಣ್ಣ ಹರಡುವಿಕೆ ತಪ್ಪಿಹೋಗಬಹುದು. 2018ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಿಂದ ವರದಿಯಾದ ಫ್ಯಾಪಿ, ಗಡ್ಡೆಯನ್ನು ಸುತ್ತುವರಿದ ನಾರುಕೋಶಗಳನ್ನು ಹುಡುಕುತ್ತದೆ. ಆರೋಗ್ಯವಂತ ಮಿದುಳಿನಲ್ಲಿ ಅದು ಅಷ್ಟಾಗಿ ಸೇರುವುದಿಲ್ಲ. ಆದರೆ ಮಾಯುತ್ತಿರುವ ಗಾಯವೂ ಅದರಲ್ಲಿ ಬೆಳಗಬಹುದು.

ಆದ್ದರಿಂದಲೇ ಗ್ರಂಥಿಯೊಂದು ಬೆಳಗಿತೆಂಬ ಒಂದೇ ಕಾರಣಕ್ಕೆ ಶಸ್ತ್ರಚಿಕಿತ್ಸೆಯನ್ನು ಕೈಬಿಡುವಂತಿಲ್ಲ. ಸೂಜಿಯಿಂದ ಅದರ ಮಾದರಿ ತೆಗೆದು, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಗುಣವಾಗಬಲ್ಲ ರೋಗಿಯೊಬ್ಬರು ಕ್ಷಯದ ಕಾರಣದಿಂದ ಆ ಅವಕಾಶ ಕಳೆದುಕೊಳ್ಳಬಾರದಲ್ಲವೆ?