ಅಳೆಯುವ ಗೇಜನ್ನೂ ಅಳೆಯಬೇಕು

ಪೀಣ್ಯದ ಯಾವ ಮೆಷಿನ್ ಶಾಪಿಗೆ ಹೋದರೂ ಆಪರೇಟರ್‌ನ ಕೈಗೆಟುಕುವಲ್ಲಿ ಒಂದು ಸಣ್ಣ ಸಾಧನ ಇರುತ್ತದೆ. ಎರಡು ತುದಿಯ ಉಕ್ಕಿನ ಕಡ್ಡಿ. ಒಂದು ತುದಿಗೆ ‘ಗೋ’ ಅನ್ನುತ್ತಾರೆ, ಇನ್ನೊಂದಕ್ಕೆ ‘ನೋ-ಗೋ’. ಕೊರೆದ ರಂಧ್ರದೊಳಗೆ ಮೊದಲನೆಯದು ಸಲೀಸಾಗಿ ಇಳಿಯಬೇಕು, ಎರಡನೆಯದು ಇಳಿಯಕೂಡದು. ಹಾಗಾದರೆ ಮಾಲು ಪಾಸು. ನಾವು ಮಾಡುತ್ತಿದ್ದ ಬುಶ್‌ನ ರಂಧ್ರ 25 ಮಿಲಿಮೀಟರಿಗೆ ಕಡಿಮೆಯಾಗುವಂತಿರಲಿಲ್ಲ, 25.021ಕ್ಕೆ ಹೆಚ್ಚಾಗುವಂತಿರಲಿಲ್ಲ. ನಡುವಿನ ಅವಕಾಶ 21 ಮೈಕ್ರಾನ್. ತಲೆಗೂದಲಿನ ದಪ್ಪವೂ ಅದಕ್ಕಿಂತ ಹೆಚ್ಚು.

ಈ ಗೇಜ್ ಮೋಸ ಮಾಡುವುದಿಲ್ಲ, ಆದರೆ ಸವೆಯುತ್ತದೆ. ದಿನಕ್ಕೆ ನೂರಾರು ಸಲ ರಂಧ್ರದೊಳಗೆ ಹೋಗಿ ಬರುವ ‘ಗೋ’ ತುದಿ ಕಣ್ಣಿಗೆ ಕಾಣದಷ್ಟು ತೆಳುವಾಗುತ್ತ ಹೋಗುತ್ತದೆ. ಆಮೇಲೆ ಅಳತೆಗಿಂತ ಚಿಕ್ಕದಾದ ರಂಧ್ರಕ್ಕೂ ಅದು ಇಳಿಯುತ್ತದೆ. ಹಿಡಿದವನ ಕೈಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಂಥ ಶಾಪುಗಳಲ್ಲಿ ಮೊದಲು ಇನ್‌ಸ್ಪೆಕ್ಟರ್, ಆಮೇಲೆ ಸೂಪರ್‌ವೈಸರ್, ಕೊನೆಗೆ ಪ್ರೊಡಕ್ಷನ್ ಮ್ಯಾನೇಜರ್ ಆಗಿ ದುಡಿದವನು ನಾನು. ನಾಲ್ಕು ಜನರ ಮೇಲೆ ಅಧಿಕಾರ ಸಿಕ್ಕ ಪ್ರತಿಯೊಬ್ಬರೂ ಈ ಗೇಜಿನ ಹಾಗೆ ಎಂದು ನಾನು ನಂಬಿದ್ದೇನೆ. ಆ ನಂಬಿಕೆ ಪುಸ್ತಕದಿಂದ ಬಂದದ್ದಲ್ಲ, ನಾನು ಮಾಡಿದ ಒಂದು ತಪ್ಪಿನಿಂದ ಬಂದದ್ದು.

ನಲವತ್ತು ಸುಳ್ಳು ಅಂಕಿಗಳು

1991ರ ಮಾರ್ಚ್ 31. ನಾನು ಸೂಪರ್‌ವೈಸರ್ ಆಗಿ ಐದು ತಿಂಗಳಾಗಿತ್ತು. ರಾತ್ರಿ ಒಂಬತ್ತರ ಹೊತ್ತಿಗೆ ಲಾರಿ ಗೇಟಿನಲ್ಲಿ ನಿಂತಿತ್ತು. 400 ಬುಶ್‌ಗಳ ಲಾಟ್ ಆ ರಾತ್ರಿಯೇ ಹೊರಟರೆ ಮಾತ್ರ ಆ ವರ್ಷದ ಬಿಲ್ಲಿಗೆ ಸೇರುತ್ತಿತ್ತು. ಮಾಲೆಲ್ಲ ಗೇಜಿನಲ್ಲಿ ಪಾಸಾಗಿತ್ತು. ಆದರೆ ಹತ್ತಕ್ಕೆ ಒಂದರಂತೆ 40 ಬುಶ್‌ಗಳನ್ನು ಬೋರ್ ಡಯಲಿನಲ್ಲಿ ಅಳೆದು ರೀಡಿಂಗ್ ಬರೆಯುವುದು ಬಾಕಿ ಇತ್ತು. ಅದಕ್ಕೆ ಕಡಿಮೆಯೆಂದರೂ ಒಂದು ಗಂಟೆ ಬೇಕು. “ಗೇಜ್ ಪಾಸಾಗಿದೆಯಲ್ಲ, ರೀಡಿಂಗ್ ಬರೆದುಬಿಡಪ್ಪ” ಎಂದು ಮೇಲಿನವರು ಹೇಳಿ ಹೋದರು.

ಬರೆದೆ. 25.008, 25.011, 25.006. ಎಲ್ಲ ಒಂದೇ ಆದರೆ ಅನುಮಾನ ಬರುತ್ತದೆಂದು ಅಲ್ಲೊಂದು 25.014, ಇಲ್ಲೊಂದು 25.003 ಹಾಕಿದೆ. ಹದಿನೈದು ನಿಮಿಷದಲ್ಲಿ ರಿಪೋರ್ಟ್ ಮುಗಿಯಿತು. ಕೆಳಗೆ ಸಹಿ ಹಾಕಿದೆ. ಲಾರಿ ಹೊರಟಿತು.

ಒಂಬತ್ತನೇ ದಿನ ಹೊಸೂರಿನ ಗ್ರಾಹಕರಿಂದ ಫೋನ್ ಬಂತು. ಶಾಫ್ಟ್ ಬುಶ್‌ನೊಳಗೆ ಹೋಗುತ್ತಿಲ್ಲ, ಅಸೆಂಬ್ಲಿ ಲೈನ್ ನಿಂತಿದೆ. ನಮ್ಮ ಗೇಜಿನ ‘ಗೋ’ ತುದಿ ಎಂಟು ಮೈಕ್ರಾನ್ ಸವೆದಿತ್ತು. ಅಂದು ರಾತ್ರಿ ಬೋರ್ ಡಯಲ್ ಹಿಡಿದು ಐದಾರು ಬುಶ್ ಅಳೆದಿದ್ದರೂ ಗೊತ್ತಾಗುತ್ತಿತ್ತು. ನಾನು ಮತ್ತು ಇನ್ನೊಬ್ಬ ಇನ್‌ಸ್ಪೆಕ್ಟರ್ ಹೊಸೂರಿಗೆ ಹೋಗಿ, ಅವರ ಸ್ಟೋರ್ಸಿನಲ್ಲಿ ಕೂತು, ಒಂದೊಂದೇ ಬುಶ್ ಅಳೆದು ಬೇರೆ ಮಾಡಿದೆವು. 112 ವಾಪಸು ಬಂದವು.

ಆ ನಷ್ಟವನ್ನು ಕಂಪನಿ ಕೆಲವೇ ತಿಂಗಳಲ್ಲಿ ತುಂಬಿಕೊಂಡಿತು. ಇನ್ನೊಂದು ನಷ್ಟ ನನಗೆ ಕಂಡದ್ದು ಜೂನ್‌ನಲ್ಲಿ. ಎರಡನೇ ಶಿಫ್ಟಿನ ಒಬ್ಬ ಹುಡುಗ ಮಾಲನ್ನು ಅಳೆಯದೆ, ಶಿಫ್ಟ್ ಮುಗಿಯುವ ಹೊತ್ತಿಗೆ ಎಂಟು ಗಂಟೆಯ ರೀಡಿಂಗನ್ನು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದ ಓಟದಲ್ಲಿ ತುಂಬುತ್ತಿದ್ದ. ಎಲ್ಲರೆದುರಿಗೆ ಬೈದೆ. ಪಕ್ಕದ ಲೇತಿನಲ್ಲಿದ್ದ ಹಿರಿಯ ಆಪರೇಟರ್ ಮೆಷಿನ್ ನಿಲ್ಲಿಸಿ ಬಂದರು. ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ಸಾರ್ ಅನ್ನುತ್ತಿದ್ದರು.

“ಸಾರ್, ಅವನನ್ನ ಬೈಬೇಡಿ. ಮಾರ್ಚಿ ರಾತ್ರಿ ನೀವು ಕೂತು ಬರೆದಿದ್ದನ್ನ ನಾವೆಲ್ಲ ನೋಡಿದ್ವಿ. ಬರೀಬಹುದು ಅಂತ ಅವತ್ತು ತಿಳಕೊಂಡ್ವಿ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆದ ಸಂಗತಿಯನ್ನು ಹೇಳಿದರು, ಅಷ್ಟೆ. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಆ ಹಿರಿಯಕ್ಕ ನಾನೇ ಆಗಿದ್ದೇನೆಂದು ಆವತ್ತು ತಿಳಿಯಿತು. ಮೇಲಿರುವವನು ತನ್ನ ಸುಳ್ಳನ್ನು ಒಂದು ರಾತ್ರಿಯ ಅನಿವಾರ್ಯ ಎಂದುಕೊಳ್ಳುತ್ತಾನೆ. ಕೆಳಗಿರುವವರಿಗೆ ಅದು ನಿಯಮವಾಗುತ್ತದೆ.

ಸಹಿ ಹಾಕದ ಒಬ್ಬ ಎಂಜಿನಿಯರ್

ಕೆಲವು ವರ್ಷಗಳ ನಂತರ ನಾನು ‘ಚಾಲೆಂಜರ್’ ದುರಂತದ ವಿವರಗಳನ್ನು ಓದಿದೆ. 1986ರ ಜನವರಿ 28ರಂದು ಅಮೆರಿಕದ ಆ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಛಿದ್ರವಾಗಿ ಏಳು ಮಂದಿ ಸತ್ತರು. ಬೂಸ್ಟರ್ ರಾಕೆಟ್ಟಿನ ತುಂಡುಗಳು ಸೇರುವ ಜಾಗದಲ್ಲಿ ಓ-ರಿಂಗ್ ಎಂಬ ರಬ್ಬರ್ ಬಳೆ ಇರುತ್ತದೆ. ಚಳಿಗೆ ಅದು ಪೆಡಸಾಗಿ, ಸಂದಿಯನ್ನು ಮುಚ್ಚಬೇಕಾದ ಕ್ಷಣದಲ್ಲಿ ಮುಚ್ಚಲಿಲ್ಲ.

ಇದು ಯಾರಿಗೂ ಗೊತ್ತಿರದ ಸಂಗತಿಯಾಗಿರಲಿಲ್ಲ. ಬೂಸ್ಟರ್ ತಯಾರಿಸಿದ ಮಾರ್ಟನ್ ಥಿಯೊಕಾಲ್ ಕಂಪನಿಯ ಎಂಜಿನಿಯರುಗಳು ಹಿಂದಿನ ರಾತ್ರಿಯೇ, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶದಲ್ಲಿ ಹಾರಿಸಬೇಡಿ ಎಂದು ವಾದಿಸಿದ್ದರು. ನಾಸಾ ಅಧಿಕಾರಿಗಳಿಗೆ ಅದು ಹಿಡಿಸಲಿಲ್ಲ. ಕಂಪನಿಯ ಹಿರಿಯರು ತಮ್ಮತಮ್ಮಲ್ಲೇ ಮಾತಾಡಲು ಬಿಡುವು ಕೇಳಿದರು. ಎಂಜಿನಿಯರ್ ಆಗಿ ಯೋಚಿಸುವುದನ್ನು ಬಿಟ್ಟು ಮ್ಯಾನೇಜರ್ ಆಗಿ ಯೋಚಿಸು ಎಂದು ತಾಂತ್ರಿಕ ವಿಭಾಗದ ಮುಖ್ಯಸ್ಥನಿಗೆ ಅಲ್ಲಿ ಹೇಳಲಾಯಿತು. ಅರ್ಧ ಗಂಟೆಯಲ್ಲಿ ‘ಬೇಡ’ ಎಂಬುದು ‘ಆಗಬಹುದು’ ಎಂದಾಯಿತು.

ಆಗ ಕಂಪನಿಯ ಪರವಾಗಿ ಉಡಾವಣಾ ಕೇಂದ್ರದಲ್ಲಿದ್ದವರು ಅಲನ್ ಮೆಕ್‌ಡೊನಾಲ್ಡ್. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಲು ಅವರು ನಿರಾಕರಿಸಿದರು. ಅವರ ಮೇಲಧಿಕಾರಿ ಯೂಟಾದಿಂದ ಸಹಿ ಹಾಕಿ ಫ್ಯಾಕ್ಸ್ ಕಳಿಸಿದರು. ದುರಂತದ ನಂತರ ತನಿಖಾ ಆಯೋಗದ ಮುಂದೆ ಮೆಕ್‌ಡೊನಾಲ್ಡ್ ನಡೆದದ್ದನ್ನೆಲ್ಲ ಹೇಳಿದರು. ಕಂಪನಿ ಅವರನ್ನು ಹುದ್ದೆಯಿಂದ ಕೆಳಗಿಳಿಸಿತು. ಅಮೆರಿಕದ ಸಂಸದರು ಸಿಟ್ಟೆದ್ದ ಮೇಲೆ ಅವರ ಸ್ಥಾನ ಮರಳಿತು. ಆ ದೋಷದ ಜೋಡಣೆಯನ್ನು ಹೊಸದಾಗಿ ವಿನ್ಯಾಸ ಮಾಡುವ ಕೆಲಸದ ನೇತೃತ್ವವನ್ನೂ ಅವರಿಗೇ ಕೊಟ್ಟರು. 1988ರ ಸೆಪ್ಟೆಂಬರ್‌ನಲ್ಲಿ ನೌಕೆಗಳು ಮತ್ತೆ ಹಾರಿದವು.

ಇದನ್ನು ಓದಿದಾಗ ನನ್ನನ್ನು ಕಾಡಿದ್ದು ಅವರ ಧೈರ್ಯವೊಂದೇ ಅಲ್ಲ. ಆ ರಾತ್ರಿ ಬೇಡವೆಂದವರೆಲ್ಲ ವರ್ಷಗಟ್ಟಲೆ ಸಂದಿ, ರಬ್ಬರು, ಉಷ್ಣಾಂಶ ಎಂದು ಲೆಕ್ಕ ಇಟ್ಟವರು. ಒತ್ತಡ ಬಂದಾಗ ಕಾಲೂರಲು ಅವರಿಗೆ ನೆಲವಿತ್ತು. ಸಹಿ ಹಾಕುವ ಕ್ಷಣದಲ್ಲಿ ಪ್ರಾಮಾಣಿಕತೆ ಹೊಸದಾಗಿ ಹುಟ್ಟುವುದಿಲ್ಲ. ಅದು ಅಷ್ಟರೊಳಗೆ ಅಭ್ಯಾಸವಾಗಿರಬೇಕು. ನನ್ನಲ್ಲಿ ಆ ಅಭ್ಯಾಸ ಇರಲಿಲ್ಲ.

ಎಡಪುಟ, ಬಲಪುಟ

2000ದಲ್ಲಿ ನನ್ನನ್ನು ಪ್ರೊಡಕ್ಷನ್ ಮ್ಯಾನೇಜರ್ ಮಾಡಿದರು. ಆಗಲೇ ಆಡಳಿತ ಚಿಂತಕ ಪೀಟರ್ ಡ್ರಕರ್ ಹಿಂದಿನ ವರ್ಷ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ದಲ್ಲಿ ಬರೆದ ಲೇಖನವೊಂದನ್ನು ಗೆಳೆಯರು ಜೆರಾಕ್ಸ್ ಮಾಡಿ ಕೊಟ್ಟರು. ಅದರಲ್ಲಿ ಹೇಳಿದ್ದ ವಿಧಾನ ಸರಳ. ಒಂದು ಮುಖ್ಯ ತೀರ್ಮಾನ ಮಾಡಿದಾಗಲೆಲ್ಲ, ಅದರಿಂದ ಏನಾದೀತು ಎಂದು ಬರೆದಿಡಿ. ಒಂಬತ್ತು ತಿಂಗಳೋ ವರ್ಷವೋ ಕಳೆದ ಮೇಲೆ, ಆದದ್ದರ ಜೊತೆ ಹೋಲಿಸಿ. ನಮ್ಮ ಶಕ್ತಿ ಎಲ್ಲಿದೆ ಎಂದು ನಮಗೆ ಗೊತ್ತಿದೆ ಅಂದುಕೊಂಡಿರುತ್ತೇವೆ, ಹೆಚ್ಚಿನ ಸಲ ಅದು ತಪ್ಪು ಎಂಬುದು ಡ್ರಕರ್ ಅವರ ಮಾತಿನ ತಿರುಳು.

200 ಪುಟದ ಒಂದು ನೋಟ್‌ಬುಕ್ ತಂದೆ. ಎಡಪುಟದಲ್ಲಿ ತೀರ್ಮಾನ ಮತ್ತು ನಿರೀಕ್ಷೆ, ಬಲಪುಟ ಖಾಲಿ. ಎರಡು ವರ್ಷ ಬಿಡದೆ ಬರೆದೆ. ಆಮೇಲೆ ಒಂದು ಭಾನುವಾರ ಕೂತು ಎರಡೂ ಪುಟಗಳನ್ನು ಹೋಲಿಸಿದೆ.

ಮೆಷಿನ್ ಸೆಟ್ಟಿಂಗ್, ಟೂಲ್ ಬದಲಾವಣೆ, ಯಾವ ಕೆಲಸವನ್ನು ಯಾವ ಮೆಷಿನ್ನಿಗೆ ಹಾಕಬೇಕು ಎಂಬಲ್ಲೆಲ್ಲ ನನ್ನ ಅಂದಾಜು ಬಹುಪಾಲು ಸರಿಯಿತ್ತು. ಬೇಗ ನಿರ್ಧರಿಸುವುದು ನನ್ನ ಶಕ್ತಿ. ಆದರೆ ಜನರ ನಡುವಿನ ಜಗಳ ಬಿಡಿಸುವಲ್ಲಿ ನನ್ನ ಆತುರ ಕೆಲಸವನ್ನು ಇನ್ನಷ್ಟು ಕೆಡಿಸಿತ್ತು. ಅಲ್ಲಿ ಸರಿಯಾಗಿ ಕಂಡದ್ದು ನನ್ನ ಕೈಕೆಳಗಿದ್ದ ಟೂಲ್ ರೂಮಿನ ಸೂಪರ್‌ವೈಸರ್. ಶಿಫ್ಟ್ ಹಂಚಿಕೆ, ರಜೆಯ ಮಾತುಕತೆ ಎಲ್ಲವನ್ನೂ ಅವರಿಗೆ ಬಿಟ್ಟೆ. ತಿಂಗಳೊಪ್ಪತ್ತಿನಲ್ಲಿ ಶಾಪಿನ ಗದ್ದಲ ಇಳಿಯಿತು. ನನಗೆ ಬಾರದ್ದನ್ನು ಬಲ್ಲವರಿಗೆ ಒಪ್ಪಿಸುವುದೂ ನಾಯಕನ ಕೆಲಸವೇ.

ನೋಟ್‌ಬುಕ್ ಇನ್ನೊಂದನ್ನೂ ತೋರಿಸಿತು. ಗ್ರಾಹಕರಿಗೆ ನಾನು ಕೊಟ್ಟ ಗಡುವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪಿದ್ದವು. ಎದುರಿದ್ದವರಿಗೆ ಬೇಸರವಾಗಬಾರದೆಂದು “ಸೋಮವಾರ ಕೊಡ್ತೀವಿ” ಅನ್ನುತ್ತಿದ್ದೆ, ಗುರುವಾರ ಕೊಡುತ್ತಿದ್ದೆ. ಇದನ್ನು ಸುಳ್ಳೆಂದು ನಾನು ಎಂದೂ ಎಣಿಸಿರಲಿಲ್ಲ. ಪಟ್ಟಿ ಮಾಡಿ ನೋಡಿದಾಗ ಅದು ಮಾರ್ಚ್ 31ರ ನಲವತ್ತು ಅಂಕಿಗಳ ತಮ್ಮನಂತೆ ಕಂಡಿತು. ಬೇಗ ಹೇಳುವ, ಬೇಗ ಮುಗಿಸುವ ನನ್ನ ಅದೇ ಶಕ್ತಿ ಎರಡೂ ಕಡೆ ನನ್ನನ್ನು ಜಾರಿಸಿತ್ತು. ಹೆಚ್ಚು ಬಳಸುವ ತುದಿಯೇ ಮೊದಲು ಸವೆಯುತ್ತದೆ.

ರಿಜೆಕ್ಷನ್ ಹೆಚ್ಚಾದ ತಿಂಗಳು

ಹಿಂದಿನ ಮಾತಿಗೆ ಬರುತ್ತೇನೆ. 1991ರಲ್ಲಿ ಲೇತಿನ ಹಿರಿಯ ಆಪರೇಟರ್ ಆ ಮಾತು ಹೇಳಿದ ಮರುದಿನ, ಶಿಫ್ಟ್ ಶುರುವಾಗುವ ಮೊದಲು, ಮಾರ್ಚಿಯಲ್ಲಿ ನಾನು ಮಾಡಿದ್ದನ್ನು ಎಲ್ಲರಿಗೂ ಹೇಳಿದೆ. ಆಡಳಿತದವರಿಗೂ ಬರೆದು ಕೊಟ್ಟೆ. ಅಳೆಯದೆ ಬರೆಯುವುದಕ್ಕಿಂತ ಖಾಲಿ ಬಿಟ್ಟ ಕಾಲಂ ಮೇಲು ಎಂದೆ. ಕೆಟ್ಟ ಮಾಲನ್ನು ತಾನಾಗಿ ಕೆಂಪು ಡಬ್ಬಕ್ಕೆ ಹಾಕಿದವರನ್ನು ಯಾರೂ ಪ್ರಶ್ನಿಸುವುದಿಲ್ಲ ಎಂದೂ ಮಾತು ಕೊಟ್ಟೆ.

ಮುಂದಿನ ತಿಂಗಳು ರಿಜೆಕ್ಷನ್ ಇಳಿಯಲಿಲ್ಲ, ಸುಮಾರು ಎರಡರಷ್ಟಾಯಿತು. ಮೇಲಿನವರು ಕರೆದು ಕೇಳಿದರು. “ಮಾಲು ಕೆಟ್ಟಿಲ್ಲ ಸಾರ್, ಲೆಕ್ಕ ಸರಿಯಾಗಿದೆ” ಎಂದೆ. ಅವರು ನಂಬಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಗ್ರಾಹಕರಿಂದ ವಾಪಸು ಬರುವ ಮಾಲು ನಿಂತುಹೋಗಿತ್ತು.

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಇದನ್ನೇ ಕಂಡಿದ್ದರೆಂದು ನನಗೆ ಬಹಳ ತಡವಾಗಿ ತಿಳಿಯಿತು. ಚೆನ್ನಾಗಿ ನಡೆಯುವ ವಾರ್ಡುಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳು ಕಡಿಮೆ ಇರುತ್ತವೆಂದು ಅವರು ನಿರೀಕ್ಷಿಸಿದ್ದರು. ಅಂಕಿ ನೋಡಿದರೆ ಅಂಥ ಕಡೆಯೇ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿನ ದಾದಿಯರು ಹೆಚ್ಚು ತಪ್ಪು ಮಾಡುತ್ತಿದ್ದರು ಎಂದಲ್ಲ, ಆದ ತಪ್ಪನ್ನು ಹೇಳಲು ಅವರಿಗೆ ಭಯವಿರಲಿಲ್ಲ ಎಂಬ ವಿವರಣೆಗೆ ಅವರು ಬಂದರು. 1999ರ ಪ್ರಬಂಧದಲ್ಲಿ ಈ ಗುಣವನ್ನು ತಂಡದ ಮಾನಸಿಕ ಸುರಕ್ಷತೆ ಎಂದು ಅವರು ವಿವರಿಸಿದರು. ನಮ್ಮ ಶಾಪಿನಲ್ಲಿ ಅದಕ್ಕೆ ಹೆಸರಿರಲಿಲ್ಲ. ಕೆಂಪು ಡಬ್ಬ ತುಂಬಿದೆ ಎಂದು ಯಾರಾದರೂ ಬಂದು ಹೇಳಿದರೆ “ಒಳ್ಳೇದಾಯ್ತು, ತೋರಿಸಿ” ಅನ್ನುವುದನ್ನು ನಾನು ರೂಢಿ ಮಾಡಿಕೊಂಡೆ. ಮೊದಮೊದಲು ನಾಲಿಗೆ ತಡವರಿಸುತ್ತಿತ್ತು.

ತಣ್ಣಗಾದ ಮೇಲೆ

ಗೇಜನ್ನು ಪರೀಕ್ಷೆಗೆ ಕಳಿಸಿದಾಗ ಲ್ಯಾಬಿನವರು ತಕ್ಷಣ ಅಳೆಯುವುದಿಲ್ಲ. 20 ಡಿಗ್ರಿಯ ಕೋಣೆಯಲ್ಲಿ ಕೆಲವು ಗಂಟೆ ಸುಮ್ಮನೆ ಇಡುತ್ತಾರೆ. ಬಿಸಿಯಿದ್ದ ಉಕ್ಕು ಹಿಗ್ಗಿರುತ್ತದೆ. 25 ಮಿಲಿಮೀಟರಿನ ತುಂಡು ಹತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು ಮೂರು ಮೈಕ್ರಾನ್ ಬೆಳೆಯುತ್ತದೆ. ತಣ್ಣಗಾದ ಮೇಲೆ, ಅದಕ್ಕಿಂತ ನಿಖರವಾದ ಸ್ಲಿಪ್ ಗೇಜಿನ ಜೊತೆ ಹೋಲಿಸುತ್ತಾರೆ.

ಹೊಸದಾಗಿ ಸೂಪರ್‌ವೈಸರ್ ಆದವರಿಗೆ ನಾನು ಹೇಳುವುದು ಇದನ್ನೇ. ಡಿಸ್ಪ್ಯಾಚಿನ ಬಿಸಿಯಲ್ಲಿ ನಿಮ್ಮನ್ನು ನೀವು ಅಳೆದುಕೊಳ್ಳಬೇಡಿ, ಆಗ ಎಲ್ಲವೂ ಸರಿಯೆಂದೇ ಕಾಣುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಫೋನ್ ಆಫ್ ಮಾಡಿ ಕೂತು, ಆ ವಾರ ಕೊಟ್ಟ ಮಾತುಗಳನ್ನೂ ಹಾಕಿದ ಸಹಿಗಳನ್ನೂ ಬರೆಯಿರಿ. ನಿಮಗೆ ಹೆದರದ ಒಬ್ಬರನ್ನು ಹತ್ತಿರ ಇಟ್ಟುಕೊಂಡು, ಎಲ್ಲಿ ಸವೆದಿದ್ದೇನೆ ಎಂದು ಕೇಳಿ. ತನ್ನ ಸವೆತ ಗೇಜಿಗೆ ತಾನಾಗಿ ತಿಳಿಯುವುದಿಲ್ಲ. ನನಗೆ ಆ ಲೇತಿನ ಅಣ್ಣ ಇದ್ದರು. ಅವರು ನಿವೃತ್ತರಾಗುವವರೆಗೂ ತಿಂಗಳಿಗೊಮ್ಮೆ ಕ್ಯಾಂಟೀನಿನಲ್ಲಿ ಅವರ ಎದುರು ಕೂತು ಟೀ ಕುಡಿಯುತ್ತಿದ್ದೆ. “ಏನಣ್ಣ?” ಅಂದರೆ ಸಾಕು, ಹೇಳುತ್ತಿದ್ದರು. ಕೆಲವು ಸಲ ಆ ಟೀ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಈ ವರ್ಷದ ಮಾರ್ಚ್ ಕೊನೆಯಲ್ಲಿ, ನಾನು ಹಿಂದೆ ತರಬೇತಿ ಕೊಟ್ಟಿದ್ದ ಹುಡುಗಿಯೊಬ್ಬಳು ರಾತ್ರಿ ಫೋನ್ ಮಾಡಿದಳು. ಡಿಪ್ಲೊಮಾ ಮುಗಿಸಿ ಸೇರಿದವಳು, ಈಗ ಒಂದು ಶಿಫ್ಟಿನ ಇನ್‌ಚಾರ್ಜ್. ಲಾರಿ ಕಾಯುತ್ತಿದೆ, ಅರ್ಧ ಲಾಟ್ ಇನ್ನೂ ಅಳೆದಿಲ್ಲ ಎಂದಳು. ನನ್ನ ಎದೆ ಒಂದು ಕ್ಷಣ ಮೂವತ್ತು ವರ್ಷ ಹಿಂದಕ್ಕೆ ಹೋಯಿತು.

“ಕಸ್ಟಮರ್‌ಗೆ ಹೇಳಿದೆಯೇನಮ್ಮ?” ಎಂದೆ.

“ಹೇಳಿ ಅರ್ಧ ಗಂಟೆ ಆಯ್ತು ಸಾರ್. ಅಳೆದಿರೋ 260 ಮಾತ್ರ ಇವತ್ತು ಲೋಡ್ ಮಾಡಿಸ್ತಿದ್ದೀನಿ. ಮಿಕ್ಕಿದ್ದಕ್ಕೆ ಬೇರೆ ಇನ್‌ವಾಯ್ಸ್ ಮಾಡಬೇಕಾ, ಅದನ್ನ ಕೇಳೋಣ ಅಂತ ಮಾಡಿದೆ.”

ಮಾಡಬೇಕು ಎಂದೆ. ಸರಿ ಸಾರ್ ಎಂದು ಇಟ್ಟಳು. ಸಹಿ ಹಾಕಲೋ ಬೇಡವೋ ಎಂಬ ಮಾತು ಅವಳಿಗೆ ಬರಲೇ ಇಲ್ಲ.